ಯಲ್ಲಾಪುರ ರಸ್ತೆಯ ಗ್ಯಾರೇಜಿನಲ್ಲಿ ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಆಯಿಲ್ ಬದಲಾಯಿಸಿದ್ದು

ನಮ್ಮ ಮನೆ ಮುಟ್ಟಲು ಒಂದು ಹಳ್ಳ ದಾಟಬೇಕು. ಆಷಾಢದಲ್ಲಿ ಅದರ ನೀರು ಜಿಪ್ಸಿಯ ಅರ್ಧ ಚಕ್ರಕ್ಕೆ ಬರುತ್ತದೆ. ಅಡಿಕೆ ಮೂಟೆ, ಗೊಬ್ಬರ, ಜ್ವರದಲ್ಲಿದ್ದ ಅಮ್ಮ, ಎಲ್ಲವನ್ನೂ ಈ ಗಾಡಿಯೇ ದಾಟಿಸಿದೆ. ದೀಪಾವಳಿಯ ಮರುದಿನ ಕುಮಟಾಕ್ಕೆ ಹೊರಟವನಿಗೆ ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಸೀಟಿನ ಅಡಿಯಿಂದ ಗುಂಯ್ಯೆನ್ನುವ ಸದ್ದು ಕೇಳಿಸಿತು. ಕ್ಲಚ್ ಒತ್ತಿದರೂ ನಿಲ್ಲಲಿಲ್ಲ. ವೇಗ ಇಳಿದಾಗ ಮಾತ್ರ ಇಳಿಯಿತು. ಎದೆ ಧಸಕ್ಕೆಂದಿತು.

ಶಿರಸಿಯ ಯಲ್ಲಾಪುರ ರಸ್ತೆಯಲ್ಲಿರುವ ಈ ಚಿಕ್ಕ ಗ್ಯಾರೇಜನ್ನು ತೋರಿಸಿದವರು ಪಕ್ಕದ ತೋಟದವರು. ತಮ್ಮ ಹೆಸರು ಹಾಕಬೇಡಿ ಎಂದು ಮೇಸ್ತ್ರಿ ಕೇಳಿಕೊಂಡಿದ್ದರಿಂದ ಇಲ್ಲಿ ಹಾಕಿಲ್ಲ.

ಗಾಡಿಯ ಅಡಿಗೆ ಹೋದವರು ಮೊದಲು ನನ್ನನ್ನು ಕರೆದರು. ‘ಬಗ್ಗಿ ನೋಡಿ ಹೆಗಡೆಯವರೇ, ಇದಕ್ಕೆ ಪಾನಾ ಬಿದ್ದು ವರ್ಷಗಳಾಗಿವೆ.’ ಗೇರ್‌ಬಾಕ್ಸಿನ ಆಯಿಲ್ ಪ್ಲಗ್ ಶುಭ್ರವಾಗಿತ್ತು. ಅದರ ಹಿಂದಿನ ಟ್ರಾನ್ಸ್‌ಫರ್ ಕೇಸಿನ ಪ್ಲಗ್ಗಿನ ಮೇಲೆ ಕೆಮ್ಮಣ್ಣು ಒಣಗಿ ಹೆಕ್ಕಳೆಗಟ್ಟಿತ್ತು. ಆರು ತಿಂಗಳ ಹಿಂದೆ ಬೇರೆ ಕಡೆ ಸರ್ವಿಸ್ ಮಾಡಿಸಿದಾಗ ಎಲ್ಲ ಆಯಿಲ್ ಬದಲಾಯಿಸಿದ್ದೇವೆಂದು ಹಣ ಪಡೆದಿದ್ದರು. ಜಿಪ್ಸಿಯಲ್ಲಿ ಈ ಪೆಟ್ಟಿಗೆ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಗಿಡ್ಡ ಶಾಫ್ಟಿನ ಮೂಲಕ ಜೋಡಣೆಯಾಗಿ ಪ್ರತ್ಯೇಕವಾಗಿ ಕೂತಿದೆ, ಅದರ ಆಯಿಲ್ ಕೂಡ ಬೇರೆ. ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವುದು ಇದೇ. ಫೋರ್ ವೀಲ್ ಹಾಕದೆ ಓಡಿಸಿದರೂ ಹಿಂದಿನ ಚಕ್ರದ ಶಕ್ತಿ ಇದರೊಳಗಿಂದಲೇ ಹೋಗುತ್ತದೆ. ಅಂಥದ್ದನ್ನು ಮುಟ್ಟದೆ ಬಿಲ್ ಬರೆದವರ ಮೇಲೆ ನನ್ನ ಸಿಟ್ಟು ಇನ್ನೂ ಆರಿಲ್ಲ.

ಆಯಿಲ್ ಬಿಸಿಯಾಗಲೆಂದು ಮೇಸ್ತ್ರಿ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ಸಮತಟ್ಟು ನೆಲದಲ್ಲಿ ನಿಲ್ಲಿಸಿದರು. ಮೊದಲು ಬಿಚ್ಚಿದ್ದು ಮೇಲಿನ, ಆಯಿಲ್ ತುಂಬುವ ಪ್ಲಗ್. ಕೆಳಗಿನದನ್ನು ಬಿಚ್ಚಿ ಎಲ್ಲ ಸುರಿದ ಮೇಲೆ ಮೇಲಿನದು ಜಗ್ಗದಿದ್ದರೆ ಗಾಡಿ ಅಲ್ಲೇ ಉಳಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಇಪ್ಪತ್ತು ನಿಮಿಷ ಕಾದರು, ಸುತ್ತಿಗೆಯಿಂದ ಬಡಿಯಲಿಲ್ಲ.

ಕೆಳಗಿನ ಪ್ಲಗ್ ಸಡಿಲವಾದಾಗ ಮೊದಲು ಬಂದದ್ದು ಒಂದಿಷ್ಟು ನೀರು. ಹಿಂದೆಯೇ ಹಾಲು ಹೆಚ್ಚಾದ ಚಹಾದ ಬಣ್ಣದ ಆಯಿಲ್, ಗಂಧಕದ ಘಾಟು. ಮೇಸ್ತ್ರಿ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಬಿಸಿಲಿಗೆ ಹಿಡಿದು, ನನ್ನ ಬೆರಳಿಗೂ ಹಚ್ಚಿದರು. ಬೂದು ಬಣ್ಣದ ನುಣ್ಣನೆಯ ಹುಡಿ ಇತ್ತು, ಚೂರು ಇರಲಿಲ್ಲ. ‘ಗೇರಿನ ಹಲ್ಲು ಮುರಿದಿಲ್ಲ’ ಎಂದರು. ಆಗ ಉಸಿರು ಬಂತು.

ನೀರು ಹೊಕ್ಕಿದ್ದರಿಂದ ಸ್ವಲ್ಪ ಹೊಸ ಆಯಿಲ್ ಹಾಕಿ, ಗಾಡಿ ಓಡಿಸಿ, ಅದನ್ನೂ ಸುರಿದರು. ಆಮೇಲೆ ಜಿಎಲ್-4 ದರ್ಜೆಯ 75ಡಬ್ಲ್ಯೂ-90 ಗೇರ್ ಆಯಿಲ್ ಅನ್ನು ಕೈಪಂಪಿನಿಂದ ಮೇಲಿನ ತೂತಿನಲ್ಲಿ ಹೊರಜಿನುಗುವವರೆಗೆ ತುಂಬಿದರು. ಒಂದು ಲೀಟರ್ ಕೂಡ ಹಿಡಿಯಲಿಲ್ಲ. ಬಿಸಿಯಾದ ಪೆಟ್ಟಿಗೆ ಹಳ್ಳದಲ್ಲಿ ಮುಳುಗಿ ಒಮ್ಮೆಲೇ ತಣ್ಣಗಾದರೆ ಒಳಗಿನ ಗಾಳಿ ಕುಗ್ಗಿ, ಗಾಳಿ ಆಡುವ ನಳಿಕೆಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದಂತೆ. ನಮ್ಮ ಗಾಡಿಯ ನಳಿಕೆ ಸೀಳಿತ್ತು. ಹೊಸ ರಬ್ಬರ್ ಕೊಳವೆ ಹಾಕಿ ಎತ್ತರಕ್ಕೆ ಕಟ್ಟಿದರು. ನಾನು ಹಾಗೆ ಮಾಡಲು ಹೇಳಿರಲಿಲ್ಲ.

ಮಜೂರಿ 400 ರೂಪಾಯಿ, ಆಯಿಲ್ ಮತ್ತು ಕೊಳವೆಯ ದುಡ್ಡು ಬೇರೆ. ಕೂರಲು ನೆರಳಿಲ್ಲ, ಫೋನ್ ಎತ್ತುವುದು ಅಪರೂಪ, ಬಿಲ್ ಬೇಕೆಂದರೆ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೇ ಹೋಗಿ. ಮಧ್ಯಾಹ್ನದ ನಂತರ ಬಂದ ಗಾಡಿ ಮುಟ್ಟುವುದಿಲ್ಲ. ಸದ್ದು ಮುಕ್ಕಾಲು ಪಾಲು ಅಡಗಿದೆ. ಉಳಿದದ್ದು ಬೇರಿಂಗ್ ಸವೆತವಿರಬಹುದು, ಸಾವಿರ ಕಿಲೋಮೀಟರ್ ಓಡಿಸಿ ಬನ್ನಿ, ಪ್ಲಗ್ ಬಿಚ್ಚಿ ಬಣ್ಣ ನೋಡೋಣ ಎಂದಿದ್ದಾರೆ. ಮೀಟರಿನ ಅಂಕಿಯನ್ನು ತಾವೇ ಸೀಮೆಸುಣ್ಣದಿಂದ ಬಾನೆಟ್ಟಿನ ಒಳಗೆ ಬರೆದಿಟ್ಟಿದ್ದಾರೆ.