ಬಿಲ್ಲೆಯ ಮೇಲಿನ ಅಂಕಿಯನ್ನು ನಂಬಿ ಕೆಟ್ಟೆ

ಲೆಕ್ಕ ತಪಾಸಣೆ ನನ್ನ ಕಸುಬು. ಒಟ್ಟು ಮೊತ್ತ ಕಂಡೊಡನೆ ಅದರ ಹಿಂದಿನ ಖಾತೆ ಎಲ್ಲಿ ಎಂದು ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಆದರೂ ‘ದಿ ಆಪರೇಷನಲ್ ಆರ್ಟ್ ಆಫ್ ವಾರ್’ ಎಂಬ ಕಂಪ್ಯೂಟರ್ ಆಟ ಆಡಲು ಕುಳಿತ ಮೊದಲ ವಾರ ಆ ಬುದ್ಧಿಯನ್ನು ಕಚೇರಿಯಲ್ಲೇ ಬಿಟ್ಟು ಬರುತ್ತಿದ್ದೆ.

ನಾರ್ಮ್ ಕೋಗರ್ ರೂಪಿಸಿದ ಈ ಯುದ್ಧದಾಟ ಮೊದಲು ಬಂದದ್ದು 1998ರಲ್ಲಿ; ನನ್ನಲ್ಲಿರುವುದು 2017ರ ನಾಲ್ಕನೆಯ ಆವೃತ್ತಿ. ಷಟ್ಕೋನದ ಮನೆಗಳಿರುವ ನಕ್ಷೆ, ಅದರ ಮೇಲೆ ಚೌಕ ಬಿಲ್ಲೆಗಳು. ಒಂದೊಂದು ಬಿಲ್ಲೆಯೂ ಒಂದು ಸೇನಾ ತುಕಡಿ. ಅದರ ಮೇಲೆ ದಾಳಿಗೊಂದು ಅಂಕಿ, ರಕ್ಷಣೆಗೊಂದು. ನನ್ನ ತುಕಡಿಯ ರಕ್ಷಣೆ 9, ಎದುರು ಬರುತ್ತಿದ್ದ ತುಕಡಿಯ ದಾಳಿ 6. ಸೇತುವೆಯ ಬಳಿ ನನ್ನ ತುಕಡಿಯನ್ನು ನಿಲ್ಲಿಸಿ ನಿಶ್ಚಿಂತೆಯಿಂದ ಸರದಿ ಮುಗಿಸಿದೆ. ಮರುಸರದಿಯಲ್ಲಿ ನೋಡಿದರೆ ಸೇತುವೆಯೂ ನನ್ನದಲ್ಲ, ತುಕಡಿಯೂ ಇಲ್ಲ.

ಆಮೇಲೆ ಉಳಿದ ತುಕಡಿಗಳ ವರದಿ ತೆರೆದು ನೋಡಿದೆ. ನಿಜವಾದ ಖಾತೆ ಇರುವುದು ಅಲ್ಲಿ. ಎಷ್ಟು ಬಂದೂಕುದಾರರ ಗುಂಪು, ಎಷ್ಟು ಮೆಷಿನ್ ಗನ್, ಎಷ್ಟು ಫಿರಂಗಿ, ಎಷ್ಟು ಟ್ಯಾಂಕ್ ಎಂಬ ಪಟ್ಟಿ. ಪ್ರತಿ ಆಯುಧಕ್ಕೂ ಟ್ಯಾಂಕಿನಂಥವುಗಳ ಕವಚ ಭೇದಿಸುವ ಬಲ ಬೇರೆ, ಸೈನಿಕರನ್ನು ಹೊಡೆಯುವ ಬಲ ಬೇರೆ. ಬಿಲ್ಲೆಯ ಮೇಲಿನ ಅಂಕಿ ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ. ನನ್ನ 9ರ ತುಂಬ ಇದ್ದದ್ದು ಬಂದೂಕು ಮತ್ತು ಮೆಷಿನ್ ಗನ್; ಬಂದದ್ದು ಟ್ಯಾಂಕ್.

ಆಯುಧಗಳ ಮೇಲೆ ಇನ್ನೂ ಮೂರು ಶೇಕಡಾವಾರು ಅಂಕಿಗಳು ಕೆಲಸ ಮಾಡುತ್ತವೆ: ಪರಿಣತಿ (ತರಬೇತಿ, ಅನುಭವ), ಸನ್ನದ್ಧತೆ (ದಣಿಯದೆ ಕಾದಲು ಸಿದ್ಧವಿರುವುದು), ಪೂರೈಕೆ (ಕೈಯಲ್ಲಿರುವ ಸಾಮಗ್ರಿ). ಪರಿಣತಿ ಬೇಗ ಬದಲಾಗುವುದಿಲ್ಲ. ಉಳಿದೆರಡು ನಡೆದರೂ ಕರಗುತ್ತವೆ, ಕಾದಿದರೂ ಕರಗುತ್ತವೆ. ಏಟು ತಿಂದ ತುಕಡಿ ನಿಲ್ಲುವುದೋ ಓಡುವುದೋ ಎಂಬುದನ್ನು ತೀರ್ಮಾನಿಸುವ ‘ಗುಣಮಟ್ಟ’ದ ಸೂತ್ರ ನನಗೆ ಬಹಳ ಹಿಡಿಸಿತು: ಪರಿಣತಿಯ ಎರಡರಷ್ಟಕ್ಕೆ ಸನ್ನದ್ಧತೆಯನ್ನು ಕೂಡಿಸಿ ಮೂರರಿಂದ ಭಾಗಿಸಬೇಕು. ಪರಿಣತಿ 60, ಸನ್ನದ್ಧತೆ 90 ಇರುವ ಹೊಸಬರ ತುಕಡಿಗೆ 70 ಬರುತ್ತದೆ. ಸನ್ನದ್ಧತೆ 33ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆ ತಳ ಮುಟ್ಟಿದ, ಪರಿಣತಿ 90 ಇರುವ ಹಳಬರಿಗೆ 71. ನಿಲ್ಲಲು ತ್ರಾಣವಿಲ್ಲದ ಹಳೆ ಹುಲಿಗಳು ಉಂಡು ಮಲಗಿ ಎದ್ದ ಹುಡುಗರಿಗಿಂತ ಒಂದಂಕ ಮುಂದೆ! ಕಾಗದದ ಮೇಲೆ ಇದನ್ನು ಬರೆದು ನೋಡಿದ ರಾತ್ರಿ ಆಟವನ್ನೇ ಆಡಲಿಲ್ಲ, ಬರೀ ಗುಣಾಕಾರ ಮಾಡುತ್ತಾ ಕುಳಿತಿದ್ದೆ.

ತಕರಾರೂ ಇದೆ. ದೊಡ್ಡ ಕಾಳಗಗಳಲ್ಲಿ ಬಿಲ್ಲೆಗಳು ನೂರಾರು. ಒಂದೊಂದರ ವರದಿಯನ್ನೂ ತೆರೆದು ಓದುವುದು ವರ್ಷಾಂತ್ಯದ ಲೆಕ್ಕ ಮುಗಿಸಿದಷ್ಟೇ ದಣಿವು. ಕವಚ ಭೇದಿಸುವ ಬಲವನ್ನಾದರೂ ಬಿಲ್ಲೆಯ ಮೂಲೆಯಲ್ಲಿ ಪ್ರತ್ಯೇಕವಾಗಿ ಕಾಣುವಂತೆ ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು? ಕೈಪಿಡಿಯಲ್ಲಿ ಎಲ್ಲವೂ ಇದೆ, ಆದರೆ ಬೇಕಾದದ್ದು ಬೇಕಾದಾಗ ಸಿಗುವುದಿಲ್ಲ. ಚಿತ್ರ, ಸದ್ದುಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಅರ್ಧ ಗಂಟೆಯಲ್ಲಿ ಗೆದ್ದು ಏಳಬೇಕೆನ್ನುವವರು ಹಣ ಉಳಿಸಿಕೊಳ್ಳಲಿ.

ನಾನಂತೂ ಸೇತುವೆಯ ಆ ಕಾಳಗವನ್ನು ಮೊದಲಿನಿಂದ ಶುರು ಮಾಡಿದ್ದೇನೆ. ಈ ಸಲ ಅಲ್ಲಿ ನಿಲ್ಲಿಸಿರುವ ಬಿಲ್ಲೆಯ ಮೇಲೆ 4 ಎಂದಷ್ಟೇ ಇದೆ. ಒಳಗಿರುವುದು ಟ್ಯಾಂಕ್ ನಿರೋಧಕ ಫಿರಂಗಿಗಳು.