ಒಂದೇ ಟೋಕನನ್ನು ಹದಿನೆಂಟು ಮಂದಿಗೆ ಕೊಟ್ಟೆ, ನೀವು ಹಾಗೆ ಮಾಡಬೇಡಿ

ಕೇರಳದ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯವರಿಗೆ ಈ ಕಷ್ಟ ಹೊಸತಲ್ಲ. ವಿಲೇಜ್ ಆಫೀಸಿನಿಂದ ಮಲಯಾಳದಲ್ಲಿ ಕಾಗದ ಬರುತ್ತದೆ. ಮನೆಯ ಹಿರಿಯರು ಕಲಿತದ್ದು ಕನ್ನಡ ಶಾಲೆಯಲ್ಲಿ. ಓದಿ ಹೇಳುವವರನ್ನು ಹುಡುಕಿಕೊಂಡು ಹೋಗಬೇಕು.

ಅವರಿಗಾಗಿ ನಾನು ಇಂಡಿಕ್‌ಟ್ರಾನ್ಸ್2 ಎಂಬ ಅನುವಾದದ ಎಐ ಮಾಡೆಲನ್ನು ಬಾಡಿಗೆ ಸರ್ವರಿನಲ್ಲಿ ಕೂರಿಸಿದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2023ರಲ್ಲಿ ಹೊರತಂದದ್ದು. 22 ಭಾಷೆಗಳು ಅದಕ್ಕೆ ಗೊತ್ತು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮಲಯಾಳದ ಸಾಲು ಹಾಕಿದರೆ ಕನ್ನಡ ಬರುತ್ತದೆ. ಬಾಗಿಲಿಗೆ ಒಂದು ಟೋಕನ್, ಅಂದರೆ ಪಾಸ್‌ವರ್ಡಿನಂಥ ಗುಟ್ಟಿನ ಅಕ್ಷರಗಳ ಸಾಲು, ಇಟ್ಟು ಅದನ್ನೇ ಹದಿನೆಂಟು ಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ನಮ್ಮವರೇ ಅಲ್ವಾ ಅಂದುಕೊಂಡೆ.

ಗುಂಪಿನ ಒಬ್ಬರ ಮಗ ಕಾಲೇಜು ಹುಡುಗ. ಅಜ್ಜನಿಗೆಂದು ಸಣ್ಣ ಆಪ್ ಮಾಡಿ, ಟೋಕನ್ ಸಮೇತ ಕೋಡನ್ನು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಇಂಥ ಟೋಕನ್‌ಗಳನ್ನು ಹುಡುಕುವುದಕ್ಕೆಂದೇ ಬಾಟ್‌ಗಳು (ತಾವಾಗಿ ಓಡುವ ಪ್ರೋಗ್ರಾಂಗಳು) ತಿರುಗುತ್ತಿರುತ್ತವೆ. ಮಾರನೇ ದಿನ ಆ ಸಾಲನ್ನು ಅಳಿಸಿದ, ಪ್ರಯೋಜನವಾಗಲಿಲ್ಲ. ಗಿಟ್‌ನ ಹಳೆಯ ದಾಖಲೆಯಲ್ಲಿ ಅದು ಹಾಗೇ ಇರುತ್ತದೆ.

ಕೆಲಸ ಜಾಸ್ತಿಯಾದರೆ ತಾನಾಗಿ ಹೊಸ ಮೆಷಿನ್ ಸೇರಿಸುವ ವ್ಯವಸ್ಥೆ ಇಟ್ಟಿದ್ದೆ. ಟೋಕನ್ ಸಿಕ್ಕಿದ ಯಾರೋ ಮಾಡೆಲನ್ನು ಓಡಿಸಿದರು, ಮೂರು ದಿನಕ್ಕೆ 21,000 ರೂಪಾಯಿ ಬಿಲ್ ಬಂತು. ದುಡ್ಡು ಹೇಗೋ ಕಟ್ಟಿದೆ. ಹಿಂದಿನ ಅನುವಾದಗಳ ಪುಟಕ್ಕೂ ಅದೇ ಟೋಕನ್ ಇತ್ತು, ಅದೇ ದೊಡ್ಡ ನೋವು. ಅಲ್ಲಿ ಮಂದಿಯ ಸರ್ವೆ ನಂಬರು, ರೇಶನ್ ಕಾರ್ಡಿನ ವಿವರ ಎಲ್ಲ ಇತ್ತು. ಯಾರು ನೋಡಿದರೆಂದು ಇವತ್ತಿಗೂ ಹೇಳಲಾರೆ. ಟೋಕನ್ ಒಂದೇ ಆದರೆ ಸರ್ವರಿನ ದಾಖಲೆಯಲ್ಲಿ (ಲಾಗ್) ಎಲ್ಲರೂ ಒಬ್ಬರೇ.

ಇಂಥದ್ದಕ್ಕೆ ಬೇರರ್ ಟೋಕನ್ ಅನ್ನುತ್ತಾರೆ. ಬೇರರ್ ಚೆಕ್ ಇದ್ದ ಹಾಗೆ. ಕೈಯಲ್ಲಿ ಇದ್ದವನೇ ಯಜಮಾನ.

ಟೋಕನ್ ಬದಲಿಸಿದೆ, ಎಲ್ಲರಿಗೂ ಒಟ್ಟಿಗೆ ಬಾಗಿಲು ಮುಚ್ಚಿತು. ಅದೇ ವಾರ ನೆರೆಮನೆಯ ಮಾವನಿಗೆ ಜಾಗದ ಮರುಸರ್ವೆಯ ಕಾಗದ ಬಂದಿತ್ತು. "ಎಂತ ಮಾರಾಯ, ನಿನ್ನದು ಬರುವುದೇ ಇಲ್ಲವಲ್ಲ" ಎಂದು ಫೋನ್ ಮಾಡಿದರು. ನನಗೆ ತುಂಬಾ ಬೇಜಾರಾಯಿತು.

ಆಮೇಲೆ ಎರಡನೇ ತಪ್ಪು ಮಾಡಿದೆ. ಬುದ್ಧಿವಂತರೂ ಇಲ್ಲಿ ಜಾರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಜೆಡಬ್ಲ್ಯೂಟಿ (ಸಹಿಯೂ ಅವಧಿಯೂ ಒಳಗೇ ಇರುವ ಟೋಕನ್) ಮಾಡಿ ಒಂದು ವರ್ಷದ ಅವಧಿ ಕೊಟ್ಟೆ. ಬೇಕಾದಾಗ ರದ್ದು ಮಾಡಬಹುದು ಅಂದುಕೊಂಡಿದ್ದೆ. ಆದರೆ ಸರ್ವರ್ ಅದರ ಸಹಿಯನ್ನೂ ಅವಧಿಯನ್ನೂ ನೋಡಿ ಒಳಗೆ ಬಿಡುತ್ತದೆ, ಬೇರೆಲ್ಲೂ ವಿಚಾರಿಸುವುದಿಲ್ಲ. ರದ್ದಾದವುಗಳ ಪಟ್ಟಿಯನ್ನು ನಾವೇ ಇಟ್ಟು ಪ್ರತಿ ಸಲ ನೋಡದಿದ್ದರೆ, ಅವಧಿ ಮುಗಿಯುವವರೆಗೆ ಅದು ಸಾಯುವುದಿಲ್ಲ. ಸಹಿ ಹಾಕುವ ಗುಟ್ಟಿನ ಕೀಲಿ ಬದಲಿಸಿದರೆ ಮತ್ತೆ ಎಲ್ಲರದ್ದೂ ಸಾಯುತ್ತದೆ.

ಈಗ ಸರಳವಾಗಿ ಮಾಡಿದ್ದೇನೆ. 32 ಬೈಟಿನ ಅಂದಾಜಿಗೆ ಸಿಗದ ಟೋಕನ್, ಒಬ್ಬರಿಗೆ ಒಂದು. ಸರ್ವರಿನಲ್ಲಿ ಟೋಕನ್ ಇಡುವುದಿಲ್ಲ, ಅದರ ಎಸ್‌ಎಚ್‌ಎ-256 ಹ್ಯಾಶ್ (ಮತ್ತೆ ಟೋಕನ್ ಆಗಿ ತಿರುಗಿಸಲಾಗದ ಗುರುತು) ಮಾತ್ರ. ಪಕ್ಕದಲ್ಲಿ ಹೆಸರು, 90 ದಿನದ ಅವಧಿ, ಕೊನೆಗೆ ಬಳಸಿದ ದಿನ. ನಿಮಿಷಕ್ಕೆ ಇಷ್ಟೇ ಎಂಬ ಮಿತಿಯೂ ಇದೆ. ಟೋಕನನ್ನು ವೆಬ್ ವಿಳಾಸದ ಸಾಲಿಗೆ ಅಂಟಿಸಬೇಡಿ, ಲಾಗಿನಲ್ಲೂ ಬ್ರೌಸರಿನ ಹಿಸ್ಟರಿಯಲ್ಲೂ ಉಳಿದುಬಿಡುತ್ತದೆ. ಹೆಡರಿನಲ್ಲಿ (ಕೋರಿಕೆಯ ಜೊತೆ ಹೋಗುವ ವಿವರದ ಭಾಗದಲ್ಲಿ), ಎಚ್‌ಟಿಟಿಪಿಎಸ್ ಮೇಲೆ ಕಳುಹಿಸಿ. ಹಳೆಯ ಅನುವಾದಗಳ ಪುಟವನ್ನು ತೆಗೆದೇ ಹಾಕಿದೆ.

ಇನ್ನೊಂದು ಮಾತು, ಇದನ್ನು ಇವತ್ತೇ ನೋಡಿ. ಮುಂಬಾಗಿಲಿಗೆ ಬೀಗ ಹಾಕಿದ ಮೇಲೂ ನನ್ನ ಮಾಡೆಲಿನ 8000 ಪೋರ್ಟ್, ಅಂದರೆ ಸರ್ವರಿನ ಇನ್ನೊಂದು ಬಾಗಿಲು, ಹೊರಗಿನಿಂದ ನೇರವಾಗಿ ತೆರೆದೇ ಇತ್ತು. ಅಲ್ಲಿ ಟೋಕನ್ ಕೇಳುವವರೇ ಇರಲಿಲ್ಲ. ಮಾಡೆಲನ್ನು ಆ ಮೆಷಿನ್ನಿನ ಒಳಗಿನಿಂದ ಮಾತ್ರ ಸಿಗುವ ವಿಳಾಸವಾದ 127.0.0.1ಕ್ಕೆ ಮಾತ್ರ ಕಟ್ಟಿ. ಆಮೇಲೆ ಬೇರೆ ನೆಟ್‌ವರ್ಕಿನಿಂದ ನೀವೇ ಬಡಿದು ನೋಡಿ.

ಮೊನ್ನೆ ಪೆರ್ಲದ ಒಬ್ಬರು ಬಸ್ಸಿನಲ್ಲಿ ಫೋನ್ ಕಳೆದುಕೊಂಡರು. ಅವರ ಹೆಸರಿನ ಸಾಲು ಅಳಿಸಿದೆ. ಅವರಿಗೆ ಕೊಟ್ಟಿದ್ದ ಟೋಕನನ್ನೇ ಹಾಕಿ ಪರೀಕ್ಷಿಸಿದೆ, 401 ಬಂತು, ಅಂದರೆ ಒಳಗೆ ಬಿಡುವುದಿಲ್ಲ ಎಂಬ ಉತ್ತರ. ಉಳಿದ ಹದಿನೇಳು ಮಂದಿಗೆ ಏನೂ ಗೊತ್ತಾಗಲಿಲ್ಲ.