ಎಎಲ್‌ಕೆ ಫಿಶ್ ಪರೀಕ್ಷೆ: ಎಣಿಕೆ ಅಚ್ಚುಕಟ್ಟು, ವರದಿ ಅಪೂರ್ಣ

ಸಿಗರೇಟಿನ ವಾಸನೆಗೇ ಮುಖ ತಿರುಗಿಸುವ ನಮ್ಮ ತಾಯಿಯವರಿಗೆ ಶ್ವಾಸಕೋಶದ ಅಡೆನೋಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್ ಇರುವುದು ತಿಳಿದಾಗ, ವೈದ್ಯರ ಸಲಹೆಯಂತೆ ಬೆಂಗಳೂರಿನ ಖಾಸಗಿ ಪ್ರಯೋಗಾಲಯವೊಂದರಲ್ಲಿ ಎಎಲ್‌ಕೆ ಜೀನು ಮುರಿದಿದೆಯೇ ಎಂದು ಬೆಳಕಿನ ಗುರುತು ಹಚ್ಚಿ ನೋಡುವ ಫಿಶ್ ಪರೀಕ್ಷೆ ಮಾಡಿಸಿದೆವು. ಧೂಮಪಾನ ಮಾಡದವರಲ್ಲಿ ಈ ಬದಲಾವಣೆ ಸಿಗುವ ಸಂಭವ ಹೆಚ್ಚು. ಸಿಕ್ಕರೆ ಅದಕ್ಕೆಂದೇ ಇರುವ ಮಾತ್ರೆಗಳನ್ನು ಕೊಡಬಹುದು.

ಎರಡನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿ ಒಂದು ತುಂಡು ಕಳಚಿ, ತಿರುವುಮುರುವಾಗಿ ಮತ್ತೆ ಅಂಟಿಕೊಂಡಾಗ, ದೂರವಿದ್ದ ಇಎಂಎಲ್4 ಮತ್ತು ಎಎಲ್‌ಕೆ ಜೀನುಗಳು ಬೆಸೆದುಕೊಂಡು, ಜೀವಕೋಶವನ್ನು ಬಿಡುವಿಲ್ಲದೆ ಬೆಳೆಸುವ ಪ್ರೋಟೀನನ್ನು ಹುಟ್ಟಿಸುತ್ತವೆ. ಜಪಾನಿನ ಹಿರೊಯುಕಿ ಮಾನೊ ಅವರ ತಂಡ ಇದನ್ನು 2007ರಲ್ಲಿ ವರದಿ ಮಾಡಿತು. (ಅವರು ಮೊದಲು ಕಂಡದ್ದು ಧೂಮಪಾನಿಯೊಬ್ಬರ ಗೆಡ್ಡೆಯಲ್ಲಿ ಎಂಬುದು ವಿಚಿತ್ರ.) ಪರೀಕ್ಷೆಯಲ್ಲಿ ಎಎಲ್‌ಕೆಯ ಎರಡೂ ಬದಿಗೆ ಕೆಂಪು ಮತ್ತು ಹಸಿರು ಬೆಳಕಿನ ಗುರುತು ಹಚ್ಚುತ್ತಾರೆ. ಜೀನು ಇಡಿಯಾಗಿದ್ದರೆ ಎರಡೂ ಒಟ್ಟಿಗಿರುತ್ತವೆ, ಮುರಿದಿದ್ದರೆ ಬೇರೆಯಾಗುತ್ತವೆ. ಎರಡು ಜೀನುಗಳೂ ಒಂದೇ ವರ್ಣತಂತುವಿನಲ್ಲಿರುವುದರಿಂದ ಬೇರೆಯಾದ ಗುರುತುಗಳ ನಡುವೆ ಕಾಣುವ ಅಂತರ ಬಹಳ ಕಿರಿದು. ಅದನ್ನು ಗುರುತಿಸಲು ಪಳಗಿದ ಕಣ್ಣು ಬೇಕು. ನಮ್ಮ ವರದಿಯಲ್ಲಿ 50 ಕೋಶಗಳ ಪೈಕಿ 34ರಲ್ಲಿ ಗುರುತುಗಳು ಬೇರೆಯಾಗಿದ್ದವು. ಜೀನು ಮುರಿದಿದೆ ಎನ್ನಲು ಬೇಕಾದ 15 ಶೇಕಡಾ ಕೋಶಗಳ ಮಿತಿಯನ್ನು ಇದು ಎಷ್ಟೋ ಮೀರಿದ್ದು, ಎಣಿಕೆಯ ವಿವರ ಮತ್ತು ಚಿತ್ರ ಎರಡೂ ಅಚ್ಚುಕಟ್ಟಾಗಿದ್ದವು.

ಸೇವೆಯ ಬಗ್ಗೆ ಇಷ್ಟು ಹೊಗಳಲಾರೆ. ಬಯಾಪ್ಸಿಯ ಬ್ಲಾಕಿನಲ್ಲಿ (ಮೇಣದಲ್ಲಿ ಹುದುಗಿಸಿಟ್ಟ ಗೆಡ್ಡೆಯ ಚೂರು) ಸಾಕಷ್ಟು ಗೆಡ್ಡೆಯ ಕೋಶಗಳಿರಬೇಕೆಂದು ಕೌಂಟರಿನಲ್ಲಿ ಯಾರೂ ಹೇಳಲಿಲ್ಲ. ಎಂಟು ದಿನ ಕಳೆದ ಮೇಲೆ ಸಾಲದೆಂದು ತಿಳಿಸಿ ಮತ್ತೊಂದು ಬ್ಲಾಕ್ ಕೇಳಿದರು.

ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಇದು ಗೆಡ್ಡೆಯ ಕೋಶಗಳಲ್ಲಿ ಮಾತ್ರ ಉಂಟಾದ ಬದಲಾವಣೆ, ತಾಯಿಯಿಂದ ಮಕ್ಕಳಿಗೆ ಇಳಿದುಬರುವಂಥದ್ದಲ್ಲ ಎಂಬ ಒಂದೇ ಒಂದು ಸಾಲು ವರದಿಯಲ್ಲಿ ಇರಲಿಲ್ಲ. ವರ್ಣತಂತು ಎಂಬ ಪದ ಕೇಳಿದೊಡನೆ ನನ್ನ ಅಕ್ಕ ತನ್ನ ಮಗಳಿಗೂ ಪರೀಕ್ಷೆ ಮಾಡಿಸಬೇಕೇ ಎಂದು ಎರಡು ವಾರ ಕೊರಗಿದಳು. ವೈದ್ಯರು ಒಂದೇ ನಿಮಿಷದಲ್ಲಿ ಅದನ್ನು ಬಿಡಿಸಿ ಹೇಳಿದರು.

ಎಎಲ್‌ಕೆ ಮುರಿದಿದೆ ಎಂದು ಫಿಶ್ ಹೇಳುತ್ತದೆ, ಯಾವ ಜೀನಿನೊಂದಿಗೆ ಬೆಸೆದಿದೆ ಎಂದು ಹೇಳುವುದಿಲ್ಲ; ಅದು ಬೇಕಾದವರು ಜೀನುಗಳ ಅಕ್ಷರಸಾಲನ್ನೇ ಓದುವ ಎನ್‌ಜಿಎಸ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳುವುದು ಒಳ್ಳೆಯದು. ಉಳಿದ ಬ್ಲಾಕನ್ನೂ ಮರೆಯದೆ ಹಿಂದಕ್ಕೆ ಪಡೆಯಬೇಕು. ನಮ್ಮದು ಎರಡು ಬಾರಿ ದೂರವಾಣಿ ಮಾಡಿದ ಮೇಲೆ ಕೈಸೇರಿತು.